ಘಾಟು ಅಂದಳು ನಮ್ಮ ಗೌರಿ

ನಿನ್ನೆ ನಮ್ಮ ಗೌರಿ ಮಾತಾಡಿದಳು!

ಇದನ್ನು ಮೊದಲು ಬರೆದುಬಿಟ್ಟೆ. ಇನ್ನು ನಿಧಾನವಾಗಿ ಉಸಿರು ಬಿಡಬಹುದು. ನಿನ್ನೆಯಿಂದ ಈ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಕೇಳದವರು ಉಳಿದಿಲ್ಲ. ಕೇಳಿದವರನ್ನೂ ನಾನು ಬಿಟ್ಟಿಲ್ಲ. ಎದುರುಮನೆಯ ಕಂಬಳಿ ಪರಸಪ್ಪನಿಗೆ ಮೂರನೆಯ ಸಲ ಹೇಳಲು ಬಾಯಿ ತೆರೆದಾಗ ಅವನು, "ಅಣ್ಣೋ, ನಿನ್ನ ಮೊಮ್ಮಗಳು ಆಡಿದ್ದು ಒಂದೇ ಮಾತು. ಅದ್ರ ಮ್ಯಾಲೆ ನೀನು ಸಾವಿರ ಆಡಿದೀಯ. ಒಂಚೂರು ನೀರು ಕುಡಿ" ಎಂದ. ಅನ್ನಲಿ. ಅವನ ಮೊಮ್ಮಕ್ಕಳು ಹುಟ್ಟುತ್ತಲೇ ಜಗಳ ತೆಗೆದುಕೊಂಡು ಬಂದವರು. ನಾಲ್ಕು ವರ್ಷ ಒಂದು ಮಾತಿಗಾಗಿ ಕಾಯುವುದು ಎಂದರೇನು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಸಕ್ಕರೆ ಹಂಚಬೇಕಿತ್ತು, ನಿಜ. ಸಕ್ಕರೆ ತರಿಸುವಷ್ಟು ತಾಳ್ಮೆ ಇರಲಿಲ್ಲ. ನಮ್ಮದು ನಶ್ಯ ಮಾಡಿ ಮಾರುವ ಮನೆ. ಕೈಗೆ ಸಿಕ್ಕಿದ್ದು ನಶ್ಯದ ಡಬ್ಬಿ, ಅದನ್ನೇ ಹಿಡಿದು ಹೊರಟೆ. ತಲೆಗೊಂದು ಚಿಟಿಕೆ! ಬೀದಿಗೆ ಬೀದಿಯೇ ಸೀನಿತು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎನ್ನುತ್ತಾರೆ. ನಿನ್ನೆ ಬಿದ್ದ ಸೀನುಗಳನ್ನು ಎಣಿಸಲು ಹೋಗಿದ್ದರೆ ಶಕುನ ಹೇಳುವವನಿಗೇ ತಲೆ ತಿರುಗುತ್ತಿತ್ತು.

ಮೂರು ತುಂಬಿ ನಾಲ್ಕಕ್ಕೆ ಹತ್ತಿರವಾದ ಕೂಸು ಆಡಿದ ಮೊದಲ ಮಾತು ಯಾವುದು ಎಂದು ಕೇಳುತ್ತೀರಲ್ಲ? 'ಅವ್ವ' ಎಂದುಕೊಂಡಿರಾ? ಅಲ್ಲ. 'ಅಪ್ಪ' ಅಲ್ಲ. 'ತಾತ' ಎಂದು ನಾನು ಎರಡು ವರ್ಷದಿಂದ ಕದ್ದು ಕದ್ದು ಕಲಿಸುತ್ತಿದ್ದೆ, ಅದೂ ಅಲ್ಲ. ಅವಳು ಅಂದದ್ದು 'ಘಾಟು'! ಹೇಗೆ ಅಂದಳು, ಯಾಕೆ ಅಂದಳು ಎಂದು ಹೇಳುತ್ತೇನೆ. ಅದಕ್ಕೆ ಮುಂಚೆ ಆ ಮಾತಿನ ಬಗ್ಗೆಯೇ ನಾಲ್ಕು ಮಾತು ಆಡಿಬಿಡುತ್ತೇನೆ. ನಿನ್ನೆಯಿಂದ ನನ್ನ ತಲೆಯಲ್ಲಿ ಅದು ಬಿಟ್ಟರೆ ಬೇರೆ ಏನೂ ಇಲ್ಲ.

ನನ್ನ ಓದು ಕೂಲಿಮಠದಲ್ಲಿ ಎರಡು ವರ್ಷ ಮರಳ ಮೇಲೆ ಬೆರಳಾಡಿಸಿದಷ್ಟೇ. ಆದರೆ ಘಾಟು ಎಂಬ ಒಂದು ಮಾತಿನಲ್ಲಿ ನಾನು ಯಾವ ಪಂಡಿತನಿಗೂ ಕಡಿಮೆ ಇಲ್ಲ. ನಮ್ಮ ತಾತ ಮಗ್ಗ ಬಿಟ್ಟು ನಶ್ಯದ ಒರಳು ಹಿಡಿದಂದಿನಿಂದ ಈ ಮನೆಯಲ್ಲಿ ಅದೇ ಅನ್ನ ಹಾಕುತ್ತಿರುವ ಮಾತು. ಹೊಗೆಸೊಪ್ಪು ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ತುಪ್ಪ ಸುಣ್ಣ ಹದವಾಗಿ ತಿಕ್ಕಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಘಾಟು ಬಂತಾ? ಬಂದರೆ ನಶ್ಯ, ಬರದಿದ್ದರೆ ಧೂಳು.

ಜನ ಖಾರಕ್ಕೂ ಘಾಟಿಗೂ ಭೇದ ಮಾಡುವುದಿಲ್ಲ. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಖಾರ ನಾಲಿಗೆಯ ಮೇಲೆ ಬಂದು ಕೂತ ಮೇಲೆ ತನ್ನ ಹೆಸರು ಹೇಳುತ್ತದೆ. ಘಾಟು ಮೂರು ಮನೆ ಆಚೆಯಿಂದಲೇ ಕೂಗಿಕೊಂಡು ಬರುತ್ತದೆ. ಖಾರ ಬೇಡವಾದರೆ ತಿನ್ನದೆ ಇರಬಹುದು. ಘಾಟು ಬೇಡವೆಂದು ಎಷ್ಟು ಹೊತ್ತು ಉಸಿರು ಬಿಗಿಹಿಡಿದೀರಿ? ಹಳೆಯ ಎಣ್ಣೆಗೆ ಕಮಟು ವಾಸನೆ ಇರುತ್ತದೆ, ನೆನೆದ ಕಾಳಿಗೆ ಮುಗ್ಗಲು ವಾಸನೆ. ಅವೆಲ್ಲ ಸರಕು ಸತ್ತಿದೆ ಎಂದು ಹೇಳುವ ವಾಸನೆಗಳು. ಬೆಳ್ಳುಳ್ಳಿಯ ಘಾಟು, ಸಾಸಿವೆಯ ಘಾಟು, ಒಗ್ಗರಣೆಗೆ ಬಿದ್ದ ಮೆಣಸಿನಕಾಯಿಯ ಘಾಟು, ಇವು ಸರಕು ಬದುಕಿದೆ ಎಂದು ಹೇಳುತ್ತವೆ.

ಈ ಮಾತು ಎಲ್ಲಿಂದ ಬಂತು ಎಂದು ಒಮ್ಮೆ ನಮ್ಮ ಬೀದಿಯ ಮೇಷ್ಟ್ರನ್ನು ಕೇಳಿದೆ. "ಘಾತ ಎಂದರೆ ಪೆಟ್ಟು. ಮೂಗಿಗೆ ಬೀಳುವ ಪೆಟ್ಟೇ ಘಾಟು" ಎಂದರು. ಎಂಟು ದಿನ ಬಿಟ್ಟು ಅದನ್ನೇ ಕೇಳಿದೆ. "ಘ್ರಾಣ ಎಂದರೆ ಮೂಸುವುದು. ಅದರಿಂದ ಹುಟ್ಟಿದ್ದು" ಎಂದರು. ಎರಡು ಸಲವೂ ಒಂದೇ ಗತ್ತಿನಲ್ಲಿ ಹೇಳಿದರು, ಎರಡು ಸಲವೂ ನಾನು ಚಿಟಿಕೆ ನಶ್ಯ ದಕ್ಷಿಣೆ ಕೊಟ್ಟೆ. ಪಡುವಣ ಸೀಮೆಗೆ ಹೋಗಿ ಬರುವ ಒಬ್ಬ ಗಾಡಿಯವನು ಮಾತ್ರ, "ಘಾಟಿ ಅಂದ್ರೆ ಬೆಟ್ಟದ ದಾರಿ ಅಲ್ವಾ? ಇದೂ ಅದೇ ಇರ್ಬೇಕು ಬಿಡು. ಹತ್ತೋವಾಗ ಕಣ್ಣಾಗೆ ನೀರು, ಹತ್ತಿದ್ ಮ್ಯಾಲೆ ತಂಪು ಗಾಳಿ" ಎಂದ. ಸರಿಯೋ ತಪ್ಪೋ, ಒಳ್ಳೆಯ ನಶ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಮನುಷ್ಯರಲ್ಲೂ ಘಾಟಿ ಇದ್ದಾರಲ್ಲ. ಘಾಟಿ ಹೆಂಗಸು ಎಂದರೆ ಸುಲಭಕ್ಕೆ ಮೋಸಹೋಗದವಳು, ಒಳಗಿನದನ್ನು ಹೊರಗೆ ಬಿಡದವಳು. ನನ್ನ ಹೆಂಡತಿ ಗಂಗವ್ವನನ್ನು ಬೀದಿಯವರು ಹಾಗೆ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ನನಗೆ ಎರಡು ಹೊತ್ತು ಅವಳ ಕೈಯಿಂದಲೇ ಊಟ ಆಗಬೇಕು.

ನಮ್ಮ ನಶ್ಯದ ಘಾಟಿಗೆ ಒಂದು ಸಾಕ್ಷಿ ಹೇಳಿ ಮುಂದೆ ಹೋಗುತ್ತೇನೆ. ಕುದಾಪುರದ ಹತ್ತಿರ ವರವು ಕಾವಲಿನಲ್ಲಿ ಅರಮನೆಯ ದನ ಕಾಯುವವರು ನಮ್ಮಲ್ಲಿಗೇ ಬರುತ್ತಾರೆ. ಅವರಲ್ಲೊಬ್ಬ ಅಂಗೈಯಲ್ಲಿ ನಶ್ಯ ಸುರುವಿಕೊಂಡು ನಿಂತಿದ್ದಾಗ ಹಿಂದಿನಿಂದ ಬಂದ ಹೋರಿ ಮೂಸಿ ನೋಡಿತಂತೆ. ಹುಲಿಗೂ ಹೆದರದ ಹೋರಿ ಒಂದು ಸೀನು ಸೀನಿ, ತನ್ನ ಸೀನಿಗೆ ತಾನೇ ಬೆದರಿ, ಬಾಲ ಎತ್ತಿಕೊಂಡು ಓಡಿತಂತೆ. "ನಿನ್ನ ನಶ್ಯದ ದೆಸೆಯಿಂದ ಆ ಹೋರಿ ಹಿಡಿಯೋಕೆ ಅರ್ಧ ದಿನ ಓಡಿದೀನಿ" ಎಂದು ಅವನು ನನ್ನನ್ನು ಬೈದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಇಷ್ಟು ಜಂಬ ಕೊಚ್ಚಿದ ಮೇಲೆ ಒಂದು ಗುಟ್ಟು ಒಪ್ಪಿಕೊಳ್ಳಬೇಕು. ನನಗೆ ಘಾಟು ತಿಳಿಯುವುದಿಲ್ಲ. ನಲವತ್ತು ವರ್ಷ ಹೊಗೆಸೊಪ್ಪಿನ ಪುಡಿಯಲ್ಲೇ ಕೂತ ಮೂಗು ಯಾವತ್ತೋ ಸತ್ತುಹೋಗಿದೆ. ಗಿರಾಕಿಯ ಕೈಗೆ ಚಿಟಿಕೆ ಕೊಟ್ಟು ಅವನ ಕಣ್ಣು ನೋಡುತ್ತೇನೆ. ನೀರು ಬಂದರೆ ಹದ ಸರಿ. ಬೇರೆಯವರ ಕಣ್ಣೀರು ನೋಡಿ ನನ್ನ ಸರಕಿನ ಬೆಲೆ ಕಟ್ಟುವವನು ನಾನು.

ಈ ಅಂಗಡಿಯ ಜಗುಲಿಯ ಮೇಲೆ ನನ್ನ ತೊಡೆಯೇ ಗೌರಿಯ ಜಾಗ. ಗಿರಾಕಿ ಸೀನಿದರೆ ಕೈತಟ್ಟಿ ನಗುವಳು. ಕಿವಿ ಬಲು ಚುರುಕು. ಒಳಗೆ ಬೆಲ್ಲದ ಗಡಿಗೆಯ ಮುಚ್ಚಳ ಅಲುಗಿದರೆ ಜಗುಲಿಯಿಂದ ಓಡುವಳು. ಅಳುವಳು, ನಗುವಳು, ಬೆರಳು ತೋರಿಸಿ ಊರನ್ನೇ ಆಳುವಳು. ಮಾತು ಮಾತ್ರ ಇಲ್ಲ. ಒಂದು ವರ್ಷಕ್ಕೆ ಬರಲಿಲ್ಲ, ಎರಡಕ್ಕೆ ಬರಲಿಲ್ಲ. ಮೂರಕ್ಕೆ ನಾವು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟೆವು. ಬೀದಿಯಲ್ಲಿ ಯಾರೋ ಬಾಯಿಹರುಕರು, "ತಾತನಿಗೆ ಅನ್ನ ಕೊಡೋದು ಮೂಗು, ಮೊಮ್ಮಗಳು ನೋಡಿದ್ರೆ ಮೂಗಿ" ಎಂದು ನಕ್ಕರಂತೆ. ಮಾತಿನ ಚಮತ್ಕಾರ ಚೆನ್ನಾಗಿತ್ತು. ನಾನು ಮೂರು ದಿನ ಅಂಗಡಿ ತೆಗೆಯಲಿಲ್ಲ.

ಗೌರಿಯ ತಾಯಿ, ನಮ್ಮ ಸೊಸೆ ಲಕ್ಷ್ಮಕ್ಕ, ಮೊಳಕಾಲ್ಮುರಿನ ಕಡೆಯ ರೇಷ್ಮೆ ಸೀರೆ ನೇಯುವ ಮನೆಯ ಮಗಳು. ಕುಲ ನಮ್ಮದೇ, ಮನೆಮಾತು ತೆಲುಗು. ನನಗೆ ತೆಲುಗು ಬರುತ್ತದೆ, ಅರ್ಧ ಗಿರಾಕಿಗಳು ಆ ಕಡೆಯವರೇ. ಮಗ ಮಲ್ಲೇಶಿಗೂ ತಕ್ಕಷ್ಟು ಬರುತ್ತದೆ. ಗಂಗವ್ವ ಮಾತ್ರ ಹೊಸದುರ್ಗದ ಕಡೆಯವಳು. ಅವಳಿಗೆ ತೆಲುಗು ಎಂದರೆ ಕಡಾಯಿಯಲ್ಲಿ ಕಾಳು ಹುರಿದ ಸದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಲಕ್ಷ್ಮಕ್ಕ ಮೊದಲ ಸಾರು ಮಾಡಿದಳು. ಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗರಳಿಸಿ, "ಅಬ್ಬಬ್ಬಾ, ಎಂಥಾ ಕಂಪು!" ಎಂದಳು. ಹುಡುಗಿ ಸೌಟು ಕೆಳಗಿಟ್ಟು ಮೂಲೆ ಸೇರಿ ಅಳತೊಡಗಿತು. ಊಟವನ್ನೂ ಮಾಡಲಿಲ್ಲ. ಕೊನೆಗೆ ನಾನು, "ಅವ್ರ ಕಡೆ ಕಂಪು ಅಂದ್ರೆ ನಾತ ಕಣೇ!" ಎಂದು ಬಿಡಿಸಿ ಹೇಳಬೇಕಾಯಿತು.

"ಹಂಗಾರೆ ನಾತಕ್ಕೆ ಏನಂತಾರೆ, ಪರಿಮಳ ಅಂತಾರಾ?" ಎಂದಳು ಗಂಗವ್ವ. ಸೊಸೆಯನ್ನು ಎಬ್ಬಿಸಿ, ಕೈಹಿಡಿದು, ಆ ಸಾರನ್ನು ಮೂರು ಸಲ ಬಡಿಸಿಕೊಂಡು ಉಂಡು ತೋರಿಸಿದಳು. ಆಮೇಲೆ ಇಬ್ಬರಿಗೂ ಚೆನ್ನಾಗಿಯೇ ಹೊಂದಿತು. ಮಾತಿಗಿಂತ ಕೈಸನ್ನೆ ಹೆಚ್ಚು, ಅಷ್ಟೇ.

ಗೌರಿಗೆ ಮಾತು ಬರಲಿ ಎಂದು ಇಬ್ಬರೂ ಹರಕೆ ಹೊತ್ತರು, ಇಬ್ಬರೂ ಔಷಧ ಹುಡುಕಿದರು. ಗಂಗವ್ವ ದಿನಾ ಬೆಳಿಗ್ಗೆ ಕಲ್ಲಿನ ಮೇಲೆ ಬಜೆ ತೇಯ್ದು ಕೂಸಿನ ನಾಲಿಗೆಗೆ ಹಚ್ಚುತ್ತಿದ್ದಳು. ಬಜೆಯ ಬೇರು ನಾಲಿಗೆಯನ್ನು ಹಗುರ ಮಾಡುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಲಕ್ಷ್ಮಕ್ಕ ಅತ್ತೆಗೆ ಕಾಣದಂತೆ ದಿನಾ ಸಂಜೆ ತನ್ನ ತಾಯಿ ಕಳಿಸಿದ ಬೇರು ತೇಯ್ದು ಹಚ್ಚುತ್ತಿದ್ದಳು. ಕೂಸು ಎರಡು ಹೊತ್ತೂ ಮುಖ ಕಿವುಚಿಕೊಂಡು ಅಳುತ್ತಿತ್ತು. ಒಂದು ದಿನ ಉಂಡದ್ದೆಲ್ಲ ಕಾರಿಕೊಂಡಿತು. ಆಗ ಗಂಗವ್ವ ಸೊಸೆಯ ಸೆರಗಿನ ಗಂಟು ಬಿಚ್ಚಿಸಿದಳು.

"ಏನೇ ಇದು, ನಂಗೊತ್ತಿಲ್ದಂಗೆ ಕೂಸಿಗೆ ಏನು ಹಾಕ್ತಿದ್ದೀಯ?"

"ವಸ, ಅತ್ತೆ. ನಮ್ಮಮ್ಮ ಕೊಟ್ಟಿದ್ದು. ಮಾತು ಬರ್ತೈತಂತೆ."

"ವಸಾನೋ ವಿಷಾನೋ!"

ಪಂಚಾಯಿತಿ ನನ್ನ ಹತ್ತಿರ ಬಂತು. ಮೂಸಿ ನೋಡಿ ಹೇಳು ಎಂದರು. ಮೂಸಿದರೆ ನನಗೇನು ತಿಳಿಯಬೇಕು? ಮರ್ಯಾದೆ ಬಿಡಲಾರದೆ ಎರಡರಿಂದಲೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಅಗಿದೆ. ಎರಡೂ ಒಂದೇ! ಕನ್ನಡದ ಬಜೆಯೇ ತೆಲುಗಿನ ವಸ. ಅತ್ತೆ ಬೆಳಿಗ್ಗೆ, ಸೊಸೆ ಸಂಜೆ, ಆರು ತಿಂಗಳಿಂದ ಒಂದೇ ಔಷಧವನ್ನು ಎರಡು ಹೆಸರಲ್ಲಿ ಆ ಪುಟ್ಟ ನಾಲಿಗೆಗೆ ಬಳಿದಿದ್ದರು. ಅದನ್ನು ಅವರಿಗೆ ಹೇಳೋಣವೆಂದರೆ ನನ್ನ ನಾಲಿಗೆ ಮರಗಟ್ಟಿತ್ತು. ಮಾತು ಬರಿಸುವ ಬೇರು ಸಂಜೆಯವರೆಗೆ ನನ್ನ ಮಾತನ್ನು ಕಟ್ಟಿಹಾಕಿತು.

ಅವತ್ತು ಕಟ್ಟಿದ ನಾಲಿಗೆ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳು ಊರಿಗೆ ಒಬ್ಬ ನಾಟಿ ವೈದ್ಯ ಬಂದ. ಕೂಸಿನ ಬಾಯಿ ನೋಡಿದ, ಕಿವಿಯ ಹತ್ತಿರ ಚಿಟಿಕೆ ಹೊಡೆದ, ಮನೆಯಲ್ಲಿ ಯಾರು ಏನು ಮಾತಾಡುತ್ತಾರೆ ಎಂದು ಕೇಳಿದ. ಆಮೇಲೆ, "ಇನ್ನೇನೂ ಇಲ್ಲ. ಎರಡು ಮಾತು ಸೇರಿ ನಾಲಿಗೆ ಗಂಟು ಬಿದ್ದೈತೆ. ಒಂದನ್ನ ನಿಲ್ಸಿ" ಎಂದ. ನನಗೆ ಅದು ಬಹಳ ಸರಿ ಎನ್ನಿಸಿತು. ಎರಡು ಬಣ್ಣದ ನೂಲು ಗೋಜಲಾದರೆ ಒಂದನ್ನು ಎಳೆದು ತೆಗೆಯಬೇಕಲ್ಲವೇ? ಯಾವುದನ್ನು ಎಳೆಯಬೇಕು ಎಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಒಳಗೆ ಹೋಗಿ ಸೊಸೆಗೆ, "ನೋಡವ್ವ, ಕೂಸಿನ ಮುಂದೆ ಇನ್ನು ನಿಮ್ಮ ತೆಲುಗು ಬ್ಯಾಡ. ಒಂದೇ ಮಾತು ಕಿವಿಗೆ ಬೀಳ್ಲಿ" ಎಂದೆ.

"ಆಗ್ಲಿ ಮಾವ" ಎಂದಳು. ಅಷ್ಟೇ.

ಅಂದಿನಿಂದ ತೊಟ್ಟಿಲ ಹಾಡು ನಿಂತಿತು. ಎಣ್ಣೆ ಹಚ್ಚುವಾಗ ಕೈಕಾಲಿಗೆಲ್ಲ ಒಂದೊಂದು ಹೆಸರಿಟ್ಟು ಕರೆಯುತ್ತಿದ್ದಳು, ಅದೂ ನಿಂತಿತು. ಅವಳ ಕನ್ನಡ ನೀರು ತಾ, ಬಾಗಿಲು ಹಾಕು ಎಂಬಷ್ಟರದು. ಅದರಲ್ಲಿ ಮುದ್ದು ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ಎಂಟು ತಿಂಗಳು ಕೂಸಿಗೆ ಸ್ನಾನ, ಊಟ, ನಿದ್ದೆ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು, ಸದ್ದಿಲ್ಲದೆ. ನಾನು ಜಗುಲಿಯಲ್ಲಿ ಕೂತು, ಸೊಸೆ ಎಂದರೆ ಹೀಗಿರಬೇಕು, ಒಂದು ಸಲ ಹೇಳಿದರೆ ಸಾಕು ಎಂದು ಮೆಚ್ಚಿಕೊಂಡೆ. ನನ್ನ ಬುದ್ಧಿಗೆ ಇಷ್ಟು!

ಇನ್ನು ನಿನ್ನೆಯ ಕತೆ. ಲಕ್ಷ್ಮಕ್ಕನ ತಮ್ಮ ಓಬಳೇಶ ಅಕ್ಕನನ್ನು ನೋಡಲು ಬಂದಿದ್ದ. ಬರುವಾಗ ರಾಯದುರ್ಗದ ಕಡೆಯ ಒಣಮೆಣಸಿನಕಾಯಿ ಒಂದು ಮೂಟೆ ತಂದಿದ್ದ. ಊಟ ಮಾಡುವುದಕ್ಕೆ ತಂದನೋ ಯುದ್ಧ ಮಾಡುವುದಕ್ಕೆ ತಂದನೋ, ಅಂಥ ಕಾಯಿ. ವರ್ಷದ ಖಾರದಪುಡಿ ಮಾಡಿಬಿಡೋಣ ಎಂದು ಅತ್ತೆ ಸೊಸೆ ಬೆಳಿಗ್ಗೆಯೇ ಒಲೆ ಹೊತ್ತಿಸಿ ಕಾಯಿ ಹುರಿಯಲು ಕೂತರು. ಮಲ್ಲೇಶಿ ಹಿತ್ತಿಲಲ್ಲಿ ಹೊಗೆಸೊಪ್ಪು ಕುಟ್ಟುತ್ತಿದ್ದ. ನಾನು ಜಗುಲಿಯಲ್ಲಿ, ತೊಡೆಯ ಮೇಲೆ ಗೌರಿ.

ಗಾಳಿ ತಿರುಗಿತು. ಮೊದಲು ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಓಡಿಬಂದಳು. ಅವಳ ಹಿಂದೆ ಓಬಳೇಶ, ಕೆಮ್ಮಿ ಕೆಮ್ಮಿ ಬೇವಿನ ಮರ ಹಿಡಿದುಕೊಂಡ. ಎದುರುಮನೆಯಲ್ಲಿ ಪರಸಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಬೀದಿಯ ನಾಯಿ ಜಾಗ ಬದಲಾಯಿಸಿತು. ನಾನೊಬ್ಬ ಕಂಬದ ಹಾಗೆ ಕೂತು, "ಏನಾತು ನಿಮಗೆಲ್ಲಾ? ದೆವ್ವ ಬೆನ್ನು ಹತ್ತಿತಾ?" ಎಂದು ಕೇಳುತ್ತಿದ್ದೇನೆ.

ಗೌರಿ ಒಂದು ಸಲ ಸೀನಿದಳು. ಇನ್ನೊಂದು ಸಲ ಸೀನಿದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಸುರಿಯಿತು. ಎಲ್ಲರೂ ಓಡುತ್ತಿರುವಾಗ ಈ ತಾತ ಯಾಕೆ ಸೀನುತ್ತಿಲ್ಲ ಎಂದು ನನ್ನನ್ನೇ ದಿಟ್ಟಿಸಿದಳು. ಪಾಪ, ಮುದುಕನಿಗೆ ಅಪಾಯ ತಿಳಿದಿಲ್ಲ ಎಂದುಕೊಂಡಳೋ ಏನೋ. ಎರಡೂ ಅಂಗೈಗಳನ್ನು ನನ್ನ ಮೂಗಿಗೆ ಒತ್ತಿ ಮುಚ್ಚಿ, ಬಾಯಿ ತುಂಬ ಅಂದಳು:

"ಘಾಟು!"

ಬೇವಿನ ಮರದ ಕೆಳಗೆ ಕೆಮ್ಮು ನಿಂತಿತು. ಹಿತ್ತಿಲಲ್ಲಿ ಒನಕೆ ನಿಂತಿತು. ಮಲ್ಲೇಶಿ ಒನಕೆ ಹಿಡಿದುಕೊಂಡೇ ಓಡಿಬಂದು, "ಅಪ್ಪಾ, ಯಾರು? ಯಾರು ಅಂದಿದ್ದು?" ಎಂದ. ನಾನು ಮೂಗು ಮುಚ್ಚಿಸಿಕೊಂಡೇ ಬೆರಳು ತೋರಿಸಿದೆ. ಗೌರಿ ತನ್ನನ್ನು ಕೇಳಿದ್ದಾರೆ ಎಂದುಕೊಂಡು ಅಪ್ಪನಿಗೂ ಹೇಳಿದಳು, "ಘಾಟು!" ಅಜ್ಜಿಗೆ ಹೇಳಿದಳು, ನಾಯಿಗೆ ಹೇಳಿದಳು, ಕಂಬಕ್ಕೂ ಹೇಳಿದಳು. ಒಳಗೆ ಬಾಣಲೆಯಲ್ಲಿ ಕಾಯಿ ಕರಿಕಾಗಿ ಹೋಗುತ್ತಿತ್ತು. ಇಳಿಸುವವರು ಯಾರೂ ಇಲ್ಲ. ಎಲ್ಲರ ಕಣ್ಣಲ್ಲೂ ಧಾರೆ. ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು, ಗೌರಿಯ ಪಾಲೆಷ್ಟು ಎಂದು ಬೇರೆ ಮಾಡುವವರು ಯಾರು? ನನ್ನ ಕಣ್ಣೀರಲ್ಲಿ ಮೆಣಸಿನಕಾಯಿಯ ಪಾಲು ಇರಲಿಲ್ಲ, ಅದನ್ನು ಮಾತ್ರ ಹೇಳಬಲ್ಲೆ.

ಕಣ್ಣು ಒರೆಸಿಕೊಂಡ ಮರುಗಳಿಗೆಗೆ ಜಗಳ ಶುರುವಾಯಿತು.

"ಕೇಳಿದ್ರಾ? ಕನ್ನಡದಾಗೆ ಅಂದ್ಲು ನನ್ನ ಬಂಗಾರ!" ಎಂದಳು ಗಂಗವ್ವ.

"ಅತ್ತೆ, ಅದು ತೆಲುಗು ಕಣ್ರಿ" ಎಂದ ಓಬಳೇಶ, ಇನ್ನೂ ಕೆಮ್ಮುತ್ತ. "ಘಾಟು ಅನ್ನೋದು ನಮ್ಮ ಮಾತು. ನಮ್ಮ ಓಣಿಗೆ ಬಂದು ಕೇಳ್ರಿ."

"ನಿಮ್ಮ ಮಾತಾ? ಮೆಣಸಿನಕಾಯಿ ತಂದ ಮಾತ್ರಕ್ಕೆ ಮಾತೂ ನಿಂದಾಗಿಬಿಡ್ತೇನೋ?"

"ಕಾಯಿ ನಮ್ದು, ಘಾಟೂ ನಮ್ದೇ!"

ಕಂಬಳಿಯೊಳಗಿಂದ ತಲೆ ತೆಗೆದು ಪರಸಪ್ಪ ಗಂಗವ್ವನ ಕಡೆ ಸೇರಿಕೊಂಡ. ಶಾಲೆಗೆ ಹೊರಟಿದ್ದ ಮೇಷ್ಟ್ರನ್ನು ಎಲ್ಲರೂ ನಿಲ್ಲಿಸಿ ಕೇಳಿದರು. ಮೇಷ್ಟ್ರು ಮೂಗಿಗೆ ಪಂಚೆಯ ತುದಿ ಹಿಡಿದುಕೊಂಡು, "ಎರಡು ಕಡೆಯೂ ಇದೆ. ಘಾತ ಎಂದರೆ..." ಎಂದು ಆರಂಭಿಸಿ ಸೀನಿನಲ್ಲಿ ಮುಗಿಸಿದರು. ಅವರು ಹೇಳಿದ್ದು ನಿಜ. ಕಂಪು ಹತ್ತು ಹರದಾರಿ ಮೂಡಣಕ್ಕೆ ಹೋಗುವಷ್ಟರಲ್ಲಿ ನಾತವಾಗುತ್ತದೆ, ಬಜೆ ವಸವಾಗುತ್ತದೆ. ಘಾಟು ಮಾತ್ರ ಎಲ್ಲಿ ಹೋದರೂ ಘಾಟು. ಲೋಕದಲ್ಲಿರುವ ಮಾತನ್ನೆಲ್ಲ ಬಿಟ್ಟು ಇದನ್ನೇ ಆರಿಸಿಕೊಂಡಳಲ್ಲ ನಮ್ಮ ಗೌರಿ! ಇನ್ನೇನು, ತೀರ್ಪು ಹೇಳುವುದಕ್ಕೆ ನಾನು ಗಂಟಲು ಸರಿಮಾಡಿಕೊಂಡೆ.

ಆಗ ಸೊಸೆ ಕಣ್ಣಿಗೆ ಬಿದ್ದಳು.

ಲಕ್ಷ್ಮಕ್ಕ ಹೊಸ್ತಿಲ ಮೇಲೆ ಸಟ್ಟುಗ ಹಿಡಿದುಕೊಂಡು ನಿಂತಿದ್ದಳು. ಜಗಳ ಅವಳ ಕಿವಿಗೆ ಬಿದ್ದಂತಿರಲಿಲ್ಲ. ಮಗಳ ಕಡೆ ಕೈ ಚಾಚಿದ್ದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ನನ್ನ ಕಡೆ ನೋಡಿದಳು, ತುಟಿ ಮುಚ್ಚಿದಳು. ಮತ್ತೆ ತೆರೆದಳು. ಹೊಟ್ಟೆಯಲ್ಲಿ ಹುಟ್ಟಿದ ಕೂಸು ಮೊದಲ ಮಾತು ಆಡಿದ ಗಳಿಗೆಯಲ್ಲಿ ಆ ತಾಯಿ ಅದಕ್ಕೆ ಹೇಳಲು ಒಂದು ಕನ್ನಡದ ಮಾತು ಹುಡುಕುತ್ತ ನಿಂತಿದ್ದಳು, ಅದು ಸಿಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಮಾತಿಲ್ಲದವರು ಇಬ್ಬರಿದ್ದರು. ಒಬ್ಬಳಿಗಾಗಿ ನಾನು ದೇವರಿಗೆಲ್ಲ ಕೈಮುಗಿದೆ. ಇನ್ನೊಬ್ಬಳ ಬಾಯಿ ಕಟ್ಟಿದವನು ನಾನೇ. ನನ್ನ ಆ ಒಂದು ಮಾತಿನ ಘಾಟು ಮನೆ ತುಂಬ ನಿಂತಿತ್ತು. ಬೇರೆಯವರ ಕಣ್ಣೀರು ನೋಡಿ ಹದ ತಿಳಿಯುವ ನನಗೆ ಇವಳ ಕಣ್ಣು ನೋಡಬೇಕು ಎಂದು ತೋಚಲಿಲ್ಲ.

ನನ್ನ ವಯಸ್ಸಿನವರಿಗೆ ತಪ್ಪು ಒಪ್ಪಿಕೊಳ್ಳುವುದು ಬೆನ್ನು ಬಗ್ಗಿಸಿದಷ್ಟೇ ಕಷ್ಟ. ಆದರೂ ಎದ್ದು ಹೋಗಿ, ಗೌರಿಯನ್ನು ಅವಳ ಸೊಂಟಕ್ಕೆ ಕೊಟ್ಟು, ಎಲ್ಲರ ಎದುರಿಗೇ ಹೇಳಿದೆ: "ಅವ್ವಾ, ತಪ್ಪು ನಂದು. ನಿನಗೆ ಏನು ಅನ್ಬೇಕು ಅನ್ಸುತ್ತೋ ಅನ್ನು. ನಿನ್ನ ಮಾತಾಗೇ ಅನ್ನು."

ಅವಳು ನಂಬಲಿಲ್ಲ. "ಮಾವ, ಮತ್ತೆ ನಿಂತೋದ್ರೆ?" ಎಂದಳು. ಭಯ ಅದು. ಆ ವೈದ್ಯ ಹೇಳಿದ್ದನ್ನು ಅವಳು ನನಗಿಂತ ಹೆಚ್ಚು ನಂಬಿದ್ದಳು. ತನ್ನ ಮಾತೇ ಮಗಳ ಮಾತಿಗೆ ಅಡ್ಡ ಎಂದು ಎಂಟು ತಿಂಗಳು ಎದೆಯಲ್ಲಿಟ್ಟುಕೊಂಡು ತಿರುಗಿದ್ದಳು.

ಅದಕ್ಕೆ ಉತ್ತರ ಹೊಳೆದದ್ದು ಗಂಗವ್ವನಿಗೆ. "ಲೇ ಹುಡುಗಿ" ಎಂದಳು, "ಎಂಟು ತಿಂಗಳು ನೀನು ಸುಮ್ಕಿದ್ದೆ, ಅದೇನು ಮಾತಾಡ್ತಾ? ಇವತ್ತು ನಾವೆಲ್ಲಾ ಬಡ್ಕೊಂಡಾಗ ಮಾತಾಡ್ತು. ಕೂಸಿಗೆ ಗದ್ಲ ಬೇಕು ಕಣೇ. ನಿಂದೊಂದು ಗದ್ಲ ಕಮ್ಮಿ ಐತೆ, ಮಾಡು!"

ಘಾಟಿ ಎಂದು ಬೀದಿಯವರು ಸುಮ್ಮನೆ ಕರೆಯುವುದಿಲ್ಲ.

ಲಕ್ಷ್ಮಕ್ಕ ಮಗಳ ಕೆನ್ನೆಗೆ ಕೆನ್ನೆ ಒತ್ತಿ, "ನಾ ತಲ್ಲೇ" ಎಂದಳು, ನನ್ನ ತಾಯಿ ಎಂದು. "ನಾ ಬಂಗಾರು ತಲ್ಲೇ" ಎಂದಳು. ಆಮೇಲೆ ಬಂತು ನೋಡಿ, ಎಂಟು ತಿಂಗಳಿನದೂ ಒಟ್ಟಿಗೆ! ಕೆರೆ ಕೋಡಿ ಬಿದ್ದ ಹಾಗೆ. ತೆಲುಗು ಬಲ್ಲ ನನಗೇ ಅರ್ಧ ಹಿಡಿಯಲಿಲ್ಲ. ಮೂಗಿಗೆ ಒಂದು ಹೆಸರು, ಕಿವಿಗೆ ಒಂದು, ಹೆಬ್ಬೆಟ್ಟಿಗೂ ಒಂದು. ಗೌರಿ ಅವ್ವನ ಬಾಯಿಯನ್ನೇ ನೋಡುತ್ತ, ಬಿಟ್ಟು ಬಿಟ್ಟು "ಘಾಟು" ಎಂದು ಹೂಂಗುಟ್ಟುತ್ತಿದ್ದಳು. ನಾನು ಒಳಗೆ ಹೋಗಿ ಬಾಣಲೆ ಇಳಿಸಿದೆ. ಆ ಹೊಗೆಯಲ್ಲಿ ನಿಲ್ಲಬಲ್ಲವನು ನಾನೊಬ್ಬನೇ. ಆಮೇಲೆ ಡಬ್ಬಿ ಹಿಡಿದು ಬೀದಿಗೆ ಇಳಿದದ್ದನ್ನು ಆಗಲೇ ಹೇಳಿದ್ದೇನೆ.

ಸಂಜೆ ದೀಪ ಹಚ್ಚುವ ಮುಂಚೆಯೇ ಊಟಕ್ಕೆ ಎಲೆ ಹಾಕಿಸಿದೆ. ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಕೂರುವುದು ನಮ್ಮಲ್ಲಿ ರೂಢಿ. ಇವತ್ತು ಎಲ್ಲರೂ ಒಂದೇ ಸಾಲು ಎಂದೆ. ಬಡಿಸುವವರು ಯಾರು ಎಂದು ಗಂಗವ್ವ ಕೇಳಿದಳು. ಪಾತ್ರೆಗಳನ್ನು ನಡುವೆ ಇಡು, ಕೈ ಇದ್ದವರು ಬಡಿಸಿಕೊಳ್ಳಲಿ ಎಂದೆ. ಮುದುಕನಿಗೆ ಸಂತೋಷದಲ್ಲಿ ತಲೆ ನಿಂತಿಲ್ಲ ಎಂದುಕೊಂಡು ಎಲ್ಲರೂ ಕೂತರು. ನವಣೆ ಅನ್ನ, ಅಲಸಂದೆ ಕಾಳಿನ ಸಾರು, ಓಬಳೇಶನಿಗಾಗಿ ಮಾಡಿದ ಹೋಳಿಗೆ. ಗೌರಿ ಅವ್ವನಿಗೂ ಅಜ್ಜಿಗೂ ನಡುವೆ.

ಗಂಗವ್ವ ತುಪ್ಪದ ಗಿಂಡಿ ಎತ್ತಿಕೊಂಡಳು. ಬಗ್ಗಿಸಬೇಕು ಎನ್ನುವಾಗ ಕೈ ತಡೆದು, ಸೊಸೆಯ ಕಡೆ ತಿರುಗಿ, ಐದು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಕೇಳಿದಳು.

"ಏನೇ, ಇದಕ್ಕೆ ನಿಮ್ಮ ಕಡೆ ಏನಂತೀರಿ?"

"ನೆಯ್ಯಿ, ಅತ್ತೆ."

"ನೇಯಿ? ಅದು ಸೀರೆಗಲ್ವೇನೆ? ಎಲೆ ಮ್ಯಾಲೆ ಏನು ನೇಯೋದು?"

ಓಬಳೇಶನಿಗೆ ನೆತ್ತಿಗೆ ಹತ್ತಿತು. ಮಲ್ಲೇಶಿ ಅವನ ತಲೆ ತಟ್ಟಿದ. ಲಕ್ಷ್ಮಕ್ಕ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು, ಮಾವ ಎದುರಿಗಿದ್ದಾನೆ ಎಂಬುದನ್ನೂ ಮರೆತು ನಕ್ಕಳು. ಅವಳ ನಗು ಇಷ್ಟು ದೊಡ್ಡದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗಂಗವ್ವ ಯಾವುದಕ್ಕೂ ಸೊಪ್ಪು ಹಾಕದೆ ಮೊಮ್ಮಗಳ ಕಡೆ ಬಗ್ಗಿ, ತಾನು ಕಲಿತ ಮೊದಲ ತೆಲುಗನ್ನು ಜೋರಾಗಿ ಹೇಳಿದಳು:

"ಗೌರೀ, ನೇಯಿ ಹಾಕ್ಲಾ?"

ಎಲ್ಲರೂ ತುತ್ತು ಕೈಯಲ್ಲಿ ಹಿಡಿದುಕೊಂಡು ಅವಳ ಮುಖ ನೋಡಿದೆವು. ಗೌರಿ ಏನೂ ಹೇಳಲಿಲ್ಲ. ಯಾರೂ ಹೆದರಲೂ ಇಲ್ಲ. ಅವಳ ಬಾಯಿ ತುಂಬ ಅನ್ನ ಇತ್ತು.